ಊರು ಬಿಟ್ಟು ಬಂದವರಿಗೆ ಕೋರ್ಟಿನ ದಾರಿ

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಚಾಳಿನ ಪಕ್ಕದ ಖೋಲಿಯಲ್ಲಿ ಯಾದಗಿರಿ ಕಡೆಯ ಗೌಂಡಿಯೊಬ್ಬರಿದ್ದರು. ಐದು ತಿಂಗಳ ಪಗಾರ ಮುಳುಗಿಸಿದ ಗುತ್ತಿಗೆದಾರನ ಮೇಲೆ ಕೇಸು ಹಾಕುತ್ತೇನೆಂದು ಕೋರ್ಟಿಗೆ ಹೊರಟರು, ಜೊತೆಗೆ ನಾನು. ಗೇಟಿನ ಹತ್ತಿರವೇ ಕರಿ ಕೋಟಿನವನೊಬ್ಬ ನಮ್ಮ ಮಾತು ಕೇಳಿಸಿಕೊಂಡು, ‘ಯಾವೂರಪ್ಪಾ ನಿಮ್ದು?’ ಎಂದ. ಇಬ್ಬರಿಗೂ ಅಷ್ಟೇ ಸಾಕಾಯಿತು. ಎರಡು ಸಾವಿರ ಅಲ್ಲೇ ಕೊಟ್ಟೆವು, ಮುಂದಿನ ವಾರ ಮೂರು ಸಾವಿರ. ಆರು ತಿಂಗಳು ತಿರುಗಿದ ಮೇಲೆ ಗೊತ್ತಾಯಿತು, ಕೇಸೇ ದಾಖಲಾಗಿಲ್ಲ, ಆತ ವಕೀಲನೂ ಅಲ್ಲ. ಪುಕ್ಕಟೆ ವಕೀಲರನ್ನು ಕೊಡುವ ಸರ್ಕಾರಿ ಕಚೇರಿ ಅದೇ ಕಾಂಪೌಂಡಿನೊಳಗೆ ಇತ್ತೆನ್ನುವುದು ಇನ್ನೂ ತಡವಾಗಿ ತಿಳಿಯಿತು. ಅದರ ಬೋರ್ಡು ಮರಾಠಿಯಲ್ಲಿತ್ತು. ನಾವು ಹುಡುಕಿದ್ದು ಕನ್ನಡ.

ಮುಂಬಯಿಗೆ ದುಡಿಯಲು ಬಂದ ನಮ್ಮವರು ಹೀಗೆ ಮೋಸಹೋಗುವುದು ಇಂದಿಗೂ ನಿಂತಿಲ್ಲ. ಆದ್ದರಿಂದ ಈ ಲೇಖನ.

ಮೊದಲು ಒಂದು ಹಾಳೆ

ವಕೀಲರನ್ನು ಹುಡುಕುವ ಮುನ್ನ ನಿಮ್ಮ ತಕರಾರನ್ನು ಒಂದು ಹಾಳೆಯಲ್ಲಿ ಬರೆಯಿರಿ, ಕನ್ನಡದಲ್ಲೇ ಸಾಕು. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಕೆಲಸ, ದಿನಗೂಲಿ ಎಷ್ಟು ಮಾತಾಗಿತ್ತು, ಕೈಗೆ ಬಂದದ್ದೆಷ್ಟು, ಉಚಲ್ (ಮುಂಗಡ) ತೆಗೆದುಕೊಂಡಿದ್ದರೆ ಅದೆಷ್ಟು. ಕೆಲಸಕ್ಕೆ ಕರೆತಂದ ಮುಕಾದಮನ ಹೆಸರು, ಫೋನ್ ನಂಬರು, ಅವನ ಮೇಲಿನ ಬಿಲ್ಡರ್ ಯಾರು ಎಂಬುದೂ ಇರಲಿ. ಉಚಲ್ ಮುಚ್ಚಿಡಬೇಡಿ, ಎದುರಿನವರು ಮೊದಲು ಎತ್ತುವ ಮಾತೇ ಅದು. ಹಾಜರಿ ಚೀಟಿ, ಸೈಟಿನ ಗೇಟ್‌ಪಾಸು, ವಾಟ್ಸ್ಆ್ಯಪ್ ಸಂದೇಶ, ಫೋನ್‌ಪೇನಲ್ಲಿ ಬಂದ ಐನೂರು ರೂಪಾಯಿ ಕೂಡ ಸಾಕ್ಷಿಯೇ. ಎಲ್ಲದರ ಫೋಟೋ ತೆಗೆದು ಊರಿನಲ್ಲಿರುವ ಯಾರಿಗಾದರೂ ಕಳಿಸಿಡಿ. ಮೂಲ ಕಾಗದ, ಅದರಲ್ಲೂ ಮೂಲ ಆಧಾರ್ ಕಾರ್ಡು, ಯಾರ ಕೈಗೂ ಕೊಡಬೇಡಿ. ವಕೀಲರಿಗೆ ಝೆರಾಕ್ಸ್ ಸಾಕು. ಕೋರ್ಟು ಕೇಳಿದರೆ ಮೂಲ ಪ್ರತಿಯನ್ನು ನೀವೇ ಒಯ್ದು ತೋರಿಸಬಹುದು.

ಎಲ್ಲದಕ್ಕೂ ಕೋರ್ಟು ಬೇಕಿಲ್ಲ ಎನ್ನುವುದೂ ನೆನಪಿರಲಿ. ಪಗಾರ ಬಾಕಿಯ ದೂರನ್ನು ವಕೀಲರಿಲ್ಲದೆಯೇ ಕಾರ್ಮಿಕ ಇಲಾಖೆಗೆ ಕೊಡಬಹುದು. ಮುಂಬಯಿಯಲ್ಲಿ ಅದರ ದೊಡ್ಡ ಕಚೇರಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಕಾಮಗಾರ್ ಭವನದಲ್ಲಿದೆ. ದೂರು ಕೊಟ್ಟರೆ ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಂಡೇ ಹೊರಬನ್ನಿ.

ಪುಕ್ಕಟೆ ವಕೀಲರು ಯಾರಿಗೆ?

1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ, ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎನ್ನುತ್ತದೆ. ಅದರ ಬೆನ್ನಿಗೆ ಬಂದದ್ದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. ಜಾರಿಯಾದದ್ದು 1995ರ ನವೆಂಬರ್ 9ರಂದು. ಇದರ 12ನೇ ಕಲಮು ಪಟ್ಟಿ ಕೊಡುತ್ತದೆ: ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕಿಬಿದ್ದವರು, ನೆರೆ-ಬರ-ಭೂಕಂಪದಲ್ಲಿ ನೊಂದವರು, ಪೊಲೀಸ್ ಅಥವಾ ಜೈಲು ಕಸ್ಟಡಿಯಲ್ಲಿರುವವರು. ಇವರಿಗೆ ವರಮಾನ ಎಷ್ಟಿದ್ದರೂ ವಕೀಲರು ಸಿಗುತ್ತಾರೆ. ಉಳಿದವರಿಗೆ ವರಮಾನದ ಮಿತಿಯಿದೆ; ಮಹಾರಾಷ್ಟ್ರದಲ್ಲಿ ಅದು ವರ್ಷಕ್ಕೆ 3 ಲಕ್ಷ ರೂಪಾಯಿ.

ವಲಸೆ ಬಂದವರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಮಾತು ಇನ್ನೊಂದಿದೆ. ಆ ಕಲಮು ಆರಂಭವಾಗುವುದೇ ‘ಪ್ರತಿಯೊಬ್ಬ ವ್ಯಕ್ತಿ’ ಎಂಬ ಪದದಿಂದ. ಮಹಾರಾಷ್ಟ್ರದ ರಹವಾಸಿ ಎಂದಾಗಲಿ, ಈ ದೇಶದ ಪ್ರಜೆ ಎಂದಾಗಲಿ ಅಲ್ಲಿ ಬರೆದಿಲ್ಲ. ನಿಮ್ಮ ರೇಷನ್ ಕಾರ್ಡು ಸುರಪುರದ್ದಾದರೇನು, ಸಿಂದಗಿಯದಾದರೇನು, ಹಕ್ಕು ತಪ್ಪುವುದಿಲ್ಲ. ಸೊಸೈಟಿಯ ಗೇಟು ಕಾಯುವ ನೇಪಾಳಿ ದಾಜುವಿನ ಕೇಸಿಗೂ ಇದೇ ಬಾಗಿಲು.

‘ಇನ್ಕಮ್ ಸರ್ಟಿಫಿಕೇಟಿಗೆ ಊರಿಗೆ ಹೋಗಿ ತಹಶೀಲ್ದಾರರ ಸಹಿ ತರಬೇಕಲ್ಲ?’ ಎಂದು ಕೇಳುವವರು ಬಹಳ. ಎರಡು ದಿನದ ಕೂಲಿ, ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯ ನೂಕುನುಗ್ಗಲು ನೆನೆದೇ ಎಷ್ಟೋ ಮಂದಿ ಕೈಬಿಡುತ್ತಾರೆ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ, ವರಮಾನ ಇಷ್ಟೆಂದು ನೀವು ಮಾಡಿಕೊಡುವ ಅಫಿಡವಿಟ್ಟನ್ನೇ (ಪ್ರಮಾಣಪತ್ರವನ್ನೇ) ಸಾಕೆಂದು ಒಪ್ಪಿಕೊಳ್ಳಬಹುದು. ಅದರ ಮೇಲೆ ಅನುಮಾನ ಬಂದರೆ ಮಾತ್ರ ಬೇರೆ ಮಾತು. ಕೌಂಟರಿನಲ್ಲಿ ಯಾರಾದರೂ ಸರ್ಟಿಫಿಕೇಟೇ ಬೇಕೆಂದರೆ, ‘ಅಫಿಡವಿಟ್ ಚಲೇಗಾ ಕ್ಯಾ?’ ಎಂದು ವಿನಯದಿಂದ ಕೇಳಿ.

ಯಾವ ಬಾಗಿಲು?

ಬೋರ್ಡಿನಲ್ಲಿ ‘ವಿಧಿ ಸೇವಾ ಪ್ರಾಧಿಕರಣ’ ಎಂದಿರುತ್ತದೆ. ನಮ್ಮಲ್ಲಿ ಕಾನೂನು ಸೇವಾ ಪ್ರಾಧಿಕಾರ ಎನ್ನುವುದನ್ನೇ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಜಿಲ್ಲೆಯದು ಜಿಲ್ಲಾ ಕೋರ್ಟಿನಲ್ಲಿ, ತಾಲೂಕಿನದು ತಾಲೂಕು ಕೋರ್ಟಿನಲ್ಲಿ. ‘ಬಾಂಬೆ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವ ಊರು ಕಾಗದದಲ್ಲಿ ಹಲವು ಜಿಲ್ಲೆ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಬೇಲಾಪುರ ಠಾಣೆ ಜಿಲ್ಲೆಯಲ್ಲಿವೆ. ಪನವೇಲ್ ರಾಯಗಡಕ್ಕೆ ಸೇರಿದ್ದು. ನಾಲಾಸೋಪಾರಾ, ವಿರಾರ್ 2014ರಿಂದ ಪಾಲ್ಘರ್ ಜಿಲ್ಲೆ. ಇದು ಗೊತ್ತಿಲ್ಲದೆ ದಕ್ಷಿಣ ಮುಂಬಯಿಯ ಫೋರ್ಟಿನವರೆಗೆ ಹೋಗಿ ಬರಿಗೈಯಲ್ಲಿ ಮರಳಿದವರಿದ್ದಾರೆ. ಹೊರಡುವ ಮುನ್ನ 15100ಕ್ಕೆ ಫೋನ್ ಮಾಡಿ. ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ.

ಅರ್ಜಿಗೆ ಹಣವಿಲ್ಲ. ಬರೆಯಲು ಬಾರದವರಿಗೆ ಫಾರಂ ತುಂಬಿಕೊಡುವುದು ಕಚೇರಿಯವರ ಕೆಲಸ. ನಿಯಮದಂತೆ 7 ದಿನದೊಳಗೆ ತೀರ್ಮಾನವಾಗಬೇಕು. ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ ಮೇಲ್ಮನವಿ ಹಾಕಬಹುದು. ಒಪ್ಪಿದರೆ ವಕೀಲರ ಶುಲ್ಕ, ಕೋರ್ಟ್ ಫೀ, ಟೈಪಿಂಗು ಎಲ್ಲ ಅವರದೇ. ದಾಖಲೆಗಳ ಅನುವಾದದ ಖರ್ಚೂ ಇದರಲ್ಲಿ ಸೇರುತ್ತದೆ. ಊರಿನ ಪಹಣಿ, ಪಂಚಾಯ್ತಿ ಕಾಗದ ಕನ್ನಡದಲ್ಲಿದ್ದು, ಇಲ್ಲಿನ ಕೋರ್ಟು ಅವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದಾಗ ಈ ಸವಲತ್ತಿನ ಬೆಲೆ ತಿಳಿಯುತ್ತದೆ. ಬಾಯಿಬಿಟ್ಟು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಕನ್ನಡ ಬಲ್ಲ ವಕೀಲರಿದ್ದರೆ ಕೊಡಿ ಎಂದೂ ಅರ್ಜಿಯಲ್ಲೇ ಬರೆಯಿರಿ. ಮುಂಬಯಿಯ ಕೋರ್ಟುಗಳಲ್ಲಿ ಕರಾವಳಿಯ ವಕೀಲರಿಗೆ ಬರವಿಲ್ಲ, ಆದರೆ ಪ್ರಾಧಿಕಾರದ ವಕೀಲರ ಪ್ಯಾನೆಲ್ಲಿನಲ್ಲಿ ಆ ದಿನ ಇರುತ್ತಾರೆಂಬ ಖಾತ್ರಿಯೂ ಇಲ್ಲ. ಇಲ್ಲದಿದ್ದರೆ ನೈಟ್ ಸ್ಕೂಲಿನಲ್ಲಿ ಮರಾಠಿ ಕಲಿತ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ. ಭಾಷೆ ಬರುವ ಕಳ್ಳನಿಗಿಂತ ಭಾಷೆ ಬಾರದ ಪ್ರಾಮಾಣಿಕ ವಕೀಲರೇ ಲೇಸು. ಐದು ಸಾವಿರ ಕೊಟ್ಟು ಕಲಿತ ಪಾಠ ನನ್ನದು.

ಹೀಗೆ ನೇಮಕವಾದ ವಕೀಲರು ನಿಮ್ಮಿಂದ ಒಂದು ಪೈಸೆ ಕೇಳುವಂತಿಲ್ಲ. ‘ಚಹಾಪಾನಿ’ ಎಂದರೂ ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದುಕೊಡಿ. ತಾರೀಕಿಗೆ ಬಾರದ, ಫೋನ್ ಎತ್ತದ ವಕೀಲರನ್ನು ಬದಲಿಸಿಕೊಡಿ ಎಂದೂ ಕೇಳಬಹುದು. ಪುಕ್ಕಟೆ ವಕೀಲರೆಂದರೆ ಸೋಮಾರಿಗಳು ಎಂಬ ಮಾತು ಕೂಲಿಗಾಗಿ ಜನ ಸೇರುವ ನಾಕಾದಲ್ಲಿ ಬಹಳ ಕೇಳಿಬರುತ್ತದೆ. ಅಂಥವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ದುಡ್ಡು ಕೊಟ್ಟು ಹಿಡಿದ ವಕೀಲರೂ ಅಷ್ಟೇ ಸಂಖ್ಯೆಯಲ್ಲಿ ತಾರೀಕು ತಪ್ಪಿಸಿದ್ದನ್ನು ಕಂಡಿದ್ದೇನೆ.

ಬೇರೆ ಬಾಗಿಲುಗಳೂ ಇವೆ. ಮನೆಯೊಳಗಿನ ಹೊಡೆತ-ಬಡಿತದ ವಿಷಯದಲ್ಲಿ ಹೆಂಗಸರಿಗೆ ಮುಂಬಯಿಯ ‘ಮಜ್ಲಿಸ್’ ಸಂಸ್ಥೆ 1990ರ ದಶಕದಿಂದ ನೆರವಾಗುತ್ತ ಬಂದಿದೆ. ವಲಸೆ ಕಾರ್ಮಿಕರಿಗಾಗಿ ‘ಆಜೀವಿಕಾ ಬ್ಯೂರೋ’ ಕೆಲಸ ಮಾಡುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಂಥ ಕಡೆ ವಿಚಾರಿಸಿದರೆ ಕನ್ನಡದ ವಕೀಲರ ಪರಿಚಯ ಸಿಗಬಹುದು. ಪರಿಚಯ ಸಿಕ್ಕಿತೆಂದು ಮುಂದಿನ ತಪಾಸಣೆ ಬಿಡಬೇಡಿ. ವೇದಿಕೆಯಲ್ಲಿ ಶಾಲು ಹೊದಿಸಿಕೊಂಡವರೆಲ್ಲ ಕೇಸು ನಡೆಸುವವರಲ್ಲ.

ದುಡ್ಡು ಕೊಟ್ಟು ವಕೀಲರನ್ನು ಹಿಡಿಯುವುದಾದರೆ

ಮೊದಲ ಪ್ರಶ್ನೆ: ‘ನಿಮ್ಮ ಸನದಿನ (ವಕೀಲಿಕೆಯ ಪರವಾನಗಿಯ) ನಂಬರು ಎಷ್ಟು?’ ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿನಲ್ಲಿ ನೋಂದಣಿಯಾದವರ ನಂಬರು ಎಂಎಎಚ್ ಎಂಬ ಅಕ್ಷರಗಳಿಂದ ಶುರುವಾಗಿ, ನಡುವೆ ಅಂಕಿ, ಕೊನೆಗೆ ಇಸವಿ ಇರುತ್ತದೆ. ನಮ್ಮ ರಾಜ್ಯದಲ್ಲಿ ಸನದು ಪಡೆದವರದು ಕೆಎಆರ್ ಎಂದು ಆರಂಭವಾಗುತ್ತದೆ. ಅವರು ಇಲ್ಲಿಯೂ ವಾದ ಮಾಡಬಹುದು. ನಂಬರು ಬರೆದುಕೊಂಡು ಪರಿಷತ್ತಿನಲ್ಲಿ ವಿಚಾರಿಸಿ. ನಿಜವಾದ ವಕೀಲರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಸಿಟ್ಟಾದರೆ ನಿಮ್ಮ ಕೆಲಸ ಅಲ್ಲಿಗೇ ಮುಗಿಯಿತು.

ಫೀ ಎಷ್ಟು, ಯಾವ ಯಾವ ಹಂತದಲ್ಲಿ, ಕೋರ್ಟ್ ಫೀ ಅದರೊಳಗೋ ಹೊರಗೋ ಎಂಬುದನ್ನು ಬರೆಸಿಕೊಳ್ಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇರಲಿ, ಇಲ್ಲವೇ ಬ್ಯಾಂಕಿನ ಮೂಲಕ ಕೊಡಿ. ‘ಈಗೇನೂ ಬೇಡ, ಪರಿಹಾರ ಬಂದಾಗ ಅರ್ಧ ಕೊಡಿ’ ಎಂಬ ಮಾತು ಕೇಳಲು ಹಿತ. ಆದರೆ ಕೇಸಿನ ಫಲದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ವಕಾಲತ್ತಿನ, ಅಂದರೆ ನಿಮ್ಮ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಕಾಗದದ, ಖಾಲಿ ಹಾಳೆಗೆ, ಖಾಲಿ ಬಾಂಡ್ ಪೇಪರಿಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿ.

ಕೇಸು ದಾಖಲಾದ ಮೇಲೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರು ಸಿಗುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಕು, ಹಿಂದಿನ ತಾರೀಕಿಗೆ ನಡೆದದ್ದು ಎಲ್ಲ ಕಾಣುತ್ತದೆ. ಕೇಸು ಹಾಕಿದ್ದೇವೆ ಎನ್ನುವವರು ಈ ನಂಬರು ಕೊಡಲು ವಾರಗಟ್ಟಲೆ ಸತಾಯಿಸಿದರೆ ನಮ್ಮ ಗೌಂಡಿಯವರ ಕಥೆ ನೆನಪಿಸಿಕೊಳ್ಳಿ. ಕಾರ್ಮಿಕ ಇಲಾಖೆಯಲ್ಲಿ ಕೊಟ್ಟ ದೂರು ಮಾತ್ರ ಇದರಲ್ಲಿ ಕಾಣುವುದಿಲ್ಲ, ಅದಕ್ಕೆ ಗಾಬರಿ ಬೇಡ.

ಕೋರ್ಟಿನ ಹೊರಗೆ ಛತ್ರಿಯ ಕೆಳಗೆ ಟೇಬಲ್ ಹಾಕಿಕೊಂಡವರ ಬಗ್ಗೆಯೂ ಒಂದು ಮಾತು. ನೋಟರಿಯ ಕೆಂಪು ಮುದ್ರೆ ಕೋರ್ಟಿನ ಆದೇಶವಲ್ಲ. ‘ನೋಟರಿ ಡೈವೋರ್ಸ್’ ಎಂದು ಬಾಂಡ್ ಪೇಪರಿನಲ್ಲಿ ಬರೆಸಿಕೊಂಡು ಎರಡನೇ ಮದುವೆಯಾದವರನ್ನು ಬಲ್ಲೆ; ಮೊದಲ ಮದುವೆ ಕಾನೂನಿನ ಕಣ್ಣಲ್ಲಿ ಹಾಗೇ ಉಳಿದಿತ್ತು.

ರಾಜಿ ಎಂದರೆ

ಎರಡೂ ಕಡೆಯವರನ್ನು ರಾಜಿ ಮಾಡಿಸಿ ಕೇಸು ಮುಗಿಸುವ ಲೋಕ ಅದಾಲತ್ತಿನಲ್ಲಿ ಶುಲ್ಕವಿಲ್ಲ, ಒಂದೇ ದಿನದಲ್ಲಿ ಮುಗಿಯುವುದೂ ಉಂಟು. ಆದರೆ ಅಲ್ಲಿಯ ತೀರ್ಪು ಅಂತಿಮ, ಅದರ ಮೇಲೆ ಅಪೀಲು ಇಲ್ಲ. ರಾಜಿ ಕಾಗದವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿಸದೆ ಸಹಿ ಬೇಡ. ಮೊತ್ತ ಎಷ್ಟು, ಯಾವ ತಾರೀಕಿಗೆ, ಯಾರ ಖಾತೆಗೆ ಎಂಬ ಮೂರನ್ನು ಬೆರಳಿಟ್ಟು ತೋರಿಸಿ ಕೇಳಿ.

ಊರಿಗೆ ಮರಳುವುದಾದರೆ

ಮಳೆಗಾಲಕ್ಕೆ ಊರಿಗೆ ಹೋಗುವವರು ಕೇಸನ್ನೇ ಬಿಟ್ಟು ಹೋಗುತ್ತಾರೆ. ಎಲ್ಲ ಕೇಸೂ ಮುಂಬಯಿಯಲ್ಲೇ ನಡೆಯಬೇಕಿಲ್ಲ. ಸೈಟಿನಲ್ಲಿ ಬಿದ್ದು ಸತ್ತವರ ಪರಿಹಾರದ ಅರ್ಜಿಯನ್ನು ಕುಟುಂಬದವರು ತಾವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಎರಡು ವರ್ಷದ ಗಡುವು ಮೀರದಿರಲಿ. ಗಂಡ ಇಲ್ಲಿದ್ದು ಹೆಂಡತಿ ಊರಲ್ಲಿದ್ದರೆ ಜೀವನಾಂಶದ ಅರ್ಜಿಯೂ ಹಾಗೆಯೇ, ಆಕೆ ವಾಸವಿರುವಲ್ಲೇ. ಅಲ್ಲಿಯೂ ಜಿಲ್ಲಾ ಕೋರ್ಟಿನಲ್ಲಿ ಕಾನೂನು ಸೇವಾ ಪ್ರಾಧಿಕಾರವಿದೆ, ಬೋರ್ಡು ಕನ್ನಡದಲ್ಲೇ ಇರುತ್ತದೆ.

ಇಲ್ಲಿಯೇ ನಡೆಯುವ ಕೇಸಾದರೆ, ಹೊರಡುವ ಮುನ್ನ ವಕೀಲರಿಗೆ ಊರಿನ ಇನ್ನೊಂದು ಫೋನ್ ನಂಬರು ಕೊಡಿ. ನಾಕಾದ ಹುಡುಗರು ತಿಂಗಳಿಗೊಂದು ಸಿಮ್ ಬದಲಿಸುತ್ತಾರೆ. ತಾರೀಕು ತಿಳಿಸಲು ವಕೀಲರು ಮಾಡಿದ ಕರೆ ಯಾರದೋ ಕಿಸೆಯಲ್ಲಿ ಬಡಿದುಕೊಳ್ಳುತ್ತಿರುತ್ತದೆ.