ಲೆಕ್ಕದಲ್ಲಿ 32 ಜಿಬಿ, ಕೂತದ್ದು 20

ಬೆಟಗೇರಿಯಲ್ಲಿ ಮನೆಯಿಂದಲೇ ಡಿಟಿಪಿ ಕೆಲಸ ಮಾಡುತ್ತೇನೆ. ಗದಗ ಮುದ್ರಣಕ್ಕೆ ಹೆಸರಾದ ಊರು. ಲಗ್ನದ ಸೀಸನ್ ಬಂದರೆ ಲಗ್ನಪತ್ರಿಕೆ ಕೆಲಸಕ್ಕೆ ಬಿಡುವೇ ಇರುವುದಿಲ್ಲ. ಕೋರಲ್‌ಡ್ರಾ, ಫೋಟೋಶಾಪ್ ಎರಡೂ ತೆರೆದರೆ ನನ್ನ ಲ್ಯಾಪ್‌ಟಾಪಿನ 8 ಜಿಬಿ ರ‍್ಯಾಮ್ (ತೆರೆದ ಕೆಲಸವನ್ನು ಹಿಡಿದಿಡುವ ಮೆಮೊರಿ) ತುಂಬಿಬಿಡುತ್ತಿತ್ತು. ಒಂದು ಫೋಟೊ ಸರಿಸಿ ಸುಮ್ನೆ ಕಾಯುತ್ತ ಕೂರಬೇಕು.

ಅಂಗಡಿಯಲ್ಲಿ ಕೇಳಿದೆ. “ಅಕ್ಕಾರ, ಇದಕ್ಕ ಇನ್ನ ಜಾಸ್ತಿ ಹಾಕಾಕ ಬರಂಗಿಲ್ರಿ. ಹೊಸಾದ ತಗೊಂಬಿಡ್ರಿ” ಅಂದರು. ಮುಚ್ಚಳ ಸಹ ತೆಗೆದು ನೋಡಲಿಲ್ಲ. ನನಗೆ ಸಮಾಧಾನವಾಗಲಿಲ್ಲ.

ಮನೆಗೆ ಬಂದು ಟಾಸ್ಕ್ ಮ್ಯಾನೇಜರ್ ತೆರೆದೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ವೇಗ 2133, ರ‍್ಯಾಮ್ ಕೂರಿಸುವ ಎರಡು ಸ್ಲಾಟ್‌ಗಳಲ್ಲಿ ಎರಡೂ ತುಂಬಿವೆ ಅಂತ ಬಂತು. ಆಮೇಲೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಡಬ್ಲ್ಯುಎಂಐಸಿ ಮೆಮ್‌ಫಿಸಿಕಲ್ ಗೆಟ್ ಮ್ಯಾಕ್ಸ್‌ಕೆಪ್ಯಾಸಿಟಿ’ ಕೊಟ್ಟೆ. ಎಷ್ಟು ರ‍್ಯಾಮ್ ಹಿಡಿಯುತ್ತದೆ ಅಂತ ಕೇಳುವ ಆದೇಶ ಅದು. ಬಂದ ಅಂಕಿ 33554432. ಇದು ಕಿಲೋಬೈಟ್ ಲೆಕ್ಕ. 1048576ರಿಂದ ಭಾಗಿಸಿದರೆ 32 ಜಿಬಿ! ನನ್ನ ಪ್ರೊಸೆಸರ್ ಕೋರ್ ಐ5-7200ಯು. ಇಂಟೆಲ್ ಕೊಟ್ಟ ವಿವರದಲ್ಲೂ 32 ಅಂತಲೇ ಇದೆ. ಎರಡೂ ತಾಳೆಯಾದವು.

ಹಾಗಾದರೆ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ ತಂದರಾಯಿತು ಅಂದುಕೊಂಡೆ. ತರಲಿಲ್ಲ, ಒಳ್ಳೆಯದೇ ಆಯಿತು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಕಾಕಾನ ಮಗ ಫೋನಿನಲ್ಲಿ ತಡೆದ. “ಅಕ್ಕಾ, ಮೊದಲ ಬಿಚ್ಚಿ ನೋಡು” ಅಂದ.

ಭಾನುವಾರ ಅವನೇ ಬಂದ. ಚಾರ್ಜರ್ ತೆಗೆದು, ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಹಿಂಬದಿಯ ಸ್ಕ್ರೂ ಬಿಚ್ಚಿದೆವು. ಮುಚ್ಚಳ ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕಾಯಿತು. ಒಳಗಿನ ಬ್ಯಾಟರಿಯ ಕನೆಕ್ಟರ್ ಕಿತ್ತ ಮೇಲೆಯೇ ಅವನು ಬೋರ್ಡಿಗೆ ಕೈ ಹಾಕಿದ್ದು. ಈ ಎಚ್ಚರ ಬೇಕೇ ಬೇಕು.

ಒಳಗೆ ಇದ್ದದ್ದು ಒಂದೇ ಸ್ಲಾಟ್, ಅದರಲ್ಲಿ 4 ಜಿಬಿ ಸ್ಟಿಕ್. ಇನ್ನೊಂದು 4 ಜಿಬಿಯ ಚಿಪ್‌ಗಳನ್ನು ಬೋರ್ಡಿಗೇ ಬೆಸುಗೆ ಹಾಕಿದ್ದರು. ತೆಗೆಯಲು ಬರುವುದಿಲ್ಲ. ವಿಂಡೋಸ್ ಅದನ್ನೂ ಒಂದು ಸ್ಲಾಟ್ ಅಂತ ಎಣಿಸಿತ್ತು, ಅಷ್ಟೆ. ಎರಡು ಸ್ಟಿಕ್ ತಂದಿದ್ದರೆ ಒಂದು ದಂಡವಾಗುತ್ತಿತ್ತು. ಪ್ರೊಸೆಸರ್‌ನ 32 ಜಿಬಿ ಎರಡು ಚಾನೆಲ್‌ಗೆ (ಮೆಮೊರಿಗೆ ಹೋಗುವ ದಾರಿ) ಸೇರಿದ್ದು, ಚಾನೆಲ್‌ಗೆ 16. ನನ್ನದರಲ್ಲಿ ಒಂದು ಚಾನೆಲ್ 4ಕ್ಕೇ ನಿಂತಿದೆ. ಅಂದರೆ 4 ಮತ್ತು 16, ಒಟ್ಟು 20.

ಆದರೆ ಲ್ಯಾಪ್‌ಟಾಪ್ ಜೊತೆ ಬಂದ ಪುಸ್ತಿಕೆಯಲ್ಲಿ ಗರಿಷ್ಠ 12 ಜಿಬಿ ಅಂತ ಇತ್ತು. ಯಾವುದನ್ನು ನಂಬುವುದು? ಹಾಕಿ ನೋಡುವುದೊಂದೇ ದಾರಿ. ಅದಕ್ಕೂ ಮೊದಲು ಹಳೆಯ ಸ್ಟಿಕ್‌ನ ಲೇಬಲ್ ಓದಿದೆವು. ಇದೇ ಪ್ರೊಸೆಸರ್ ಡಿಡಿಆರ್3ಎಲ್ ಜೊತೆಗೂ ಬರುತ್ತದೆ, ಡಿಡಿಆರ್4 ಜೊತೆಗೂ ಬರುತ್ತದೆ. ಇವೆರಡೂ ರ‍್ಯಾಮ್‌ನ ಬೇರೆ ಬೇರೆ ಬಗೆ. ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರುವುದಿಲ್ಲ. ನಮ್ಮದರ ಮೇಲೆ ‘ಪಿಸಿ4’ ಅಂತ ಇತ್ತು, ಅಂದರೆ ಡಿಡಿಆರ್4. ಅವನು ತಂದಿದ್ದ 16 ಜಿಬಿ ಸ್ಟಿಕ್ 2400 ವೇಗದ್ದು. ಪರವಾಗಿಲ್ಲ, ಅದು 2133ಕ್ಕೆ ಇಳಿದು ಓಡುತ್ತದೆ.

ಓರೆಯಾಗಿ ತೂರಿಸಿ ಕೆಳಗೆ ಒತ್ತಿದಾಗ ಎರಡೂ ಬದಿಯ ಕ್ಲಿಪ್ ಟಕ್ ಅಂದವು. ಸ್ವಿಚ್ ಒತ್ತಿದರೆ ಪರದೆ ಕಪ್ಪು. ನನ್ನ ಎದೆ ಹೊಡೆದುಕೊಂಡಿತು. “ತಡಿ, ಹೊಸಾ ರ‍್ಯಾಮ್ ಗುರುತು ಹಿಡ್ಯಾಕ ಟೈಮ್ ತಗೋತೈತಿ” ಅಂದ. ಸ್ವಲ್ಪ ಹೊತ್ತಿಗೆ ಬೆಳಕು ಬಂತು. ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ ತಂತ್ರಾಂಶ) 20480 ಎಂಬಿ ಕಂಡಿತು.

ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಲು ಬಿಟ್ಟೆ. ಬೆಳಗ್ಗೆ ನೋಡಿದರೆ ಒಂದೂ ತಪ್ಪು ತೋರಿಸಿರಲಿಲ್ಲ. ಆಮೇಲೆಯೇ ಆ ಸ್ಟಿಕ್‌ನ ದುಡ್ಡನ್ನು ತಮ್ಮನ ಕೈಗೆ ಕೊಟ್ಟೆ.