ನಂದಿ ಬೆಟ್ಟದ ನಕ್ಷೆಯಿಂದ ಕಲನಶಾಸ್ತ್ರ ಕಲಿಸಿದ ನನ್ನ ಅನುಭವ

ಚಿಕ್ಕಬಳ್ಳಾಪುರದಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ನಾನು ಕಲಿಸುವ ಕಲನಶಾಸ್ತ್ರದ ಪತ್ರಿಕೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಒಂದಕ್ಕಿಂತ ಹೆಚ್ಚು ಚರಾಕ್ಷರಗಳಿರುವ ಫಲನಗಳದ್ದು, ಎರಡನೆಯದು ಅವಕಲ ಸಮೀಕರಣಗಳದ್ದು, ಅಂದರೆ ಬದಲಾವಣೆಯ ದರಗಳನ್ನು ಒಳಗೊಂಡ ಸಮೀಕರಣಗಳದ್ದು. ಪಠ್ಯಕ್ರಮದಲ್ಲಿ ಇವೆರಡೂ ಅಕ್ಕಪಕ್ಕದಲ್ಲಿದ್ದರೂ ಒಂದಕ್ಕೊಂದು ಏನು ಸಂಬಂಧ ಎನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಮೊದಲ ಭಾಗದಲ್ಲಿ ಆಂಶಿಕ ಅವಕಲನದ (ಒಂದೇ ಚರಾಕ್ಷರ ಬದಲಾದಾಗ ಫಲನ ಬದಲಾಗುವ ದರದ) ಸೂತ್ರಗಳನ್ನು ಉರುಹೊಡೆದು, ಎರಡನೆಯ ಭಾಗಕ್ಕೆ ಬರುವಷ್ಟರಲ್ಲಿ ಅವನ್ನು ಮರೆತು, ಹೊಸ ಸೂತ್ರಗಳನ್ನು ಉರುಹೊಡೆಯಲು ತೊಡಗುತ್ತಾರೆ. ಈ ಎರಡು ಭಾಗಗಳನ್ನು ಒಂದೇ ನಕ್ಷೆಯ ಮೇಲೆ ಕಲಿಸಬಹುದು ಎಂದು ನನಗೆ ತೋರಿತು. ಆ ನಕ್ಷೆ ನಮ್ಮ ಊರಿನ ಪಕ್ಕದಲ್ಲೇ ಇರುವ ನಂದಿ ಬೆಟ್ಟದ್ದು.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್, ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಒಂದು ಸಮೋನ್ನತಿ ರೇಖೆಯಿಂದ ಮುಂದಿನದಕ್ಕೆ 20 ಮೀಟರ್ ಎತ್ತರದ ವ್ಯತ್ಯಾಸ. ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ ಎಂದು ಇಟ್ಟುಕೊಂಡರೆ, ಆಯಾ ಜಾಗದ ಎತ್ತರವು ಎಕ್ಸ್ ಮತ್ತು ವೈಗಳ ಫಲನವಾಗುತ್ತದೆ. ಅದಕ್ಕೆ ಎಚ್ ಎಂದು ಹೆಸರಿಡುತ್ತೇನೆ. ಈ ಫಲನಕ್ಕೆ ಸೂತ್ರವಿಲ್ಲ ಎನ್ನುವುದೇ ಇದರ ದೊಡ್ಡ ಅನುಕೂಲ. ಸೂತ್ರವಿದ್ದರೆ ವಿದ್ಯಾರ್ಥಿಯ ಕೈ ತಾನಾಗಿಯೇ ಅವಕಲನ ಮಾಡಲು ಓಡುತ್ತದೆ, ಸೂತ್ರವಿಲ್ಲದಿದ್ದಾಗ ಮಾತ್ರ ಆಂಶಿಕ ಅವಕಲನ ಎಂದರೇನು ಎಂದು ಯೋಚಿಸಬೇಕಾಗುತ್ತದೆ. ಪೂರ್ವಕ್ಕೆ ನಾಲ್ಕು ಮಿಲಿಮೀಟರ್ ಸರಿದಾಗ ಎತ್ತರ 100 ಮೀಟರ್ ಹೆಚ್ಚಿದರೆ, ನೆಲದ ಮೇಲೆ ಅದು 200 ಮೀಟರಿಗೆ 100 ಮೀಟರಿನ ಏರು. ಅಂದರೆ ಎಕ್ಸ್ ದಿಕ್ಕಿನ ಆಂಶಿಕ ಅವಕಲನವು ಸುಮಾರು 0.5, ಇಳಿಜಾರಿನ ಕೋನ ಸುಮಾರು 27 ಡಿಗ್ರಿ. ಉತ್ತರಕ್ಕೂ ಹೀಗೆಯೇ ಅಳೆದು, ಎರಡನ್ನೂ ಸದಿಶವಾಗಿ ಜೋಡಿಸಿದರೆ ಗ್ರೇಡಿಯಂಟ್, ಅಂದರೆ ಅತಿ ಕಡಿದಾದ ಏರಿನ ದಿಕ್ಕು ತೋರುವ ಬಾಣ, ಸಿಗುತ್ತದೆ. ಅದು ಸಮೋನ್ನತಿ ರೇಖೆಗೆ ಲಂಬವಾಗಿರುವುದನ್ನು ಅವರು ಸ್ಕೇಲು ಮತ್ತು ಕೋನಮಾಪಕ ಇಟ್ಟು ತಾವೇ ಕಾಣುತ್ತಾರೆ. ಸರಪಳಿ ನಿಯಮದಿಂದ ಇದರ ಸಾಧನೆಯನ್ನು ಕರಿಹಲಗೆಯ ಮೇಲೆ ಬರೆಯುವುದು ಅನಂತರ.

ಒಂದು ಕಟ್ಟುಪಾಡಿನೊಳಗೆ ಗರಿಷ್ಠ, ಕನಿಷ್ಠ ಹುಡುಕುವ ಲಗ್ರಾಂಜ್ ಗುಣಕಗಳ ವಿಧಾನಕ್ಕೂ ಇದೇ ನಕ್ಷೆ ಸಾಕಾಯಿತು. ಬೆಟ್ಟದ ಹೆಗಲನ್ನು ದಾಟಿ ಹೋಗುವ ಒಂದು ಕಾಲುದಾರಿಯಲ್ಲಿ ಅತಿ ಎತ್ತರದ ಜಾಗ ಯಾವುದು ಎಂದು ಕೇಳಿದರೆ, ದಾರಿಯು ಸಮೋನ್ನತಿ ರೇಖೆಯನ್ನು ಕತ್ತರಿಸುವ ಕಡೆ ಇನ್ನೂ ಏರುತ್ತಿರುತ್ತದೆ ಅಥವಾ ಇಳಿಯುತ್ತಿರುತ್ತದೆ. ಹಾಗಾಗಿ ಅತಿ ಎತ್ತರದ ಜಾಗದಲ್ಲಿ ದಾರಿಯು ರೇಖೆಯನ್ನು ಸವರಿಕೊಂಡು ಹೋಗಲೇಬೇಕು. ಎತ್ತರದ ಫಲನ ಮತ್ತು ದಾರಿಯ ಸಮೀಕರಣದ ಫಲನ, ಇವೆರಡರ ಗ್ರೇಡಿಯಂಟ್‌ಗಳು ಸಮಾಂತರವಾಗಿರಬೇಕು ಎಂಬ ಷರತ್ತು ಅಷ್ಟೆ. ಸಮಘಾತ ಫಲನಗಳ ಬಗೆಗಿನ ಆಯ್ಲರನ ಪ್ರಮೇಯವನ್ನು ಪರೀಕ್ಷೆಗೆ ಬೇಕಾದಷ್ಟು ಹೇಳಿ ಮುಂದೆ ಸಾಗುತ್ತೇನೆ.

ಎರಡನೆಯ ಭಾಗಕ್ಕೆ ದಾಟುವ ಸೇತುವೆ ಯಥಾರ್ಥ ಅವಕಲ ಸಮೀಕರಣ, ತರಗತಿಯಲ್ಲಿ ಎಲ್ಲರೂ ಎಕ್ಸಾಕ್ಟ್ ಎನ್ನುವ ಸಮೀಕರಣ. ಎತ್ತರ ಬದಲಾಗದಂತೆ ಬೆಟ್ಟದ ಸುತ್ತ ನಡೆಯುವವನು ಪೂರ್ವಕ್ಕೆ ಡಿಎಕ್ಸ್, ಉತ್ತರಕ್ಕೆ ಡಿವೈ ಸರಿದರೆ, ಪೂರ್ವದ ಏರುದರವನ್ನು ಡಿಎಕ್ಸ್‌ನಿಂದಲೂ ಉತ್ತರದ ಏರುದರವನ್ನು ಡಿವೈನಿಂದಲೂ ಗುಣಿಸಿ ಕೂಡಿಸಿದಾಗ ಸೊನ್ನೆ ಬರಬೇಕು. ಇದೇ ಯಥಾರ್ಥ ಸಮೀಕರಣ, ಇದರ ಪರಿಹಾರಗಳೆಲ್ಲವೂ ಸಮೋನ್ನತಿ ರೇಖೆಗಳೇ. (2ಎಕ್ಸ್‌ವೈ + 3) ಡಿಎಕ್ಸ್ + (ಎಕ್ಸ್² + 4ವೈ) ಡಿವೈ = 0 ಎಂಬ ಸಮೀಕರಣವನ್ನು ಕೊಟ್ಟಾಗ ಅವರೀಗ ಕೇಳಿಕೊಳ್ಳುವ ಪ್ರಶ್ನೆ, ಇದು ಯಾವ ಬೆಟ್ಟದ ಏರುದರ ಎನ್ನುವುದು. ಎಕ್ಸ್²ವೈ + 3ಎಕ್ಸ್ + 2ವೈ² ಎಂಬ ಬೆಟ್ಟ ಸಿಕ್ಕಿದ ಮೇಲೆ ಅದನ್ನು ಸ್ಥಿರಾಂಕಕ್ಕೆ ಸಮ ಮಾಡಿದರೆ ಲೆಕ್ಕ ಮುಗಿಯಿತು.

ಯಥಾರ್ಥತೆಯ ಪರೀಕ್ಷೆ ಹೇಗೆ ಹುಟ್ಟಿತು ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಸ್ವಲ್ಪ ಪೂರ್ವಕ್ಕೆ ಹೋಗಿ ಆಮೇಲೆ ಉತ್ತರಕ್ಕೆ ತಿರುಗಿದರೂ, ಮೊದಲು ಉತ್ತರಕ್ಕೆ ಹೋಗಿ ಆಮೇಲೆ ಪೂರ್ವಕ್ಕೆ ತಿರುಗಿದರೂ ನಾವು ತಲುಪುವುದು ಒಂದೇ ಜಾಗ, ಆ ಜಾಗಕ್ಕೆ ಇರುವುದು ಒಂದೇ ಎತ್ತರ. ಈ ಎರಡು ದಾರಿಗಳ ಲೆಕ್ಕ ಹೊಂದಬೇಕಾದರೆ, ಉತ್ತರಕ್ಕೆ ಸರಿದಂತೆ ಪೂರ್ವದ ಏರುದರ ಬದಲಾಗುವ ಪ್ರಮಾಣವೂ, ಪೂರ್ವಕ್ಕೆ ಸರಿದಂತೆ ಉತ್ತರದ ಏರುದರ ಬದಲಾಗುವ ಪ್ರಮಾಣವೂ ಸಮನಾಗಿರಬೇಕು. ಮೇಲಿನ ಉದಾಹರಣೆಯಲ್ಲಿ ಎರಡೂ 2ಎಕ್ಸ್.

ವೈ ಡಿಎಕ್ಸ್ − ಎಕ್ಸ್ ಡಿವೈ = 0 ಎಂಬ ಸಮೀಕರಣದಲ್ಲಿ ಇವೆರಡು 1 ಮತ್ತು −1. ಆದ್ದರಿಂದ ಇಂಥ ಏರುದರಗಳಿರುವ ಬೆಟ್ಟ ಜಗತ್ತಿನಲ್ಲಿ ಎಲ್ಲಿಯೂ ಇರಲಾರದು: ಮೂಲಬಿಂದುವಿನ ಸುತ್ತ ಏಕಮಾನ ವೃತ್ತದ ಮೇಲೆ ಅಪ್ರದಕ್ಷಿಣವಾಗಿ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೆ ಬಂದರೆ ಎತ್ತರ ಎರಡು ಪೈನಷ್ಟು ಕಡಿಮೆಯಾಗಿರುತ್ತದೆ. ಆದರೆ ಇದನ್ನು ಎಕ್ಸ್²ನಿಂದ ಭಾಗಿಸಿದರೆ ಯಥಾರ್ಥವಾಗುತ್ತದೆ, ವೈ²ನಿಂದ ಭಾಗಿಸಿದರೂ ಆಗುತ್ತದೆ. ಮೊದಲನೆಯದರಲ್ಲಿ ಸಿಗುವುದು −ವೈ/ಎಕ್ಸ್ ಎಂಬ ಫಲನ, ಎರಡನೆಯದರಲ್ಲಿ ಎಕ್ಸ್/ವೈ. ಬೆಟ್ಟಗಳು ಬೇರೆ ಬೇರೆ, ಆದರೆ ಸಮೋನ್ನತಿ ರೇಖೆಗಳು ಎರಡರಲ್ಲೂ ಮೂಲಬಿಂದುವಿನ ಮೂಲಕ ಹೋಗುವ ಸರಳರೇಖೆಗಳೇ. ಹೀಗೆ ಸಮೀಕರಣವನ್ನು ಯಥಾರ್ಥವಾಗಿಸುವ ಅನುಕಲನ ಗುಣಕವು (ಇಲ್ಲಿ 1/ಎಕ್ಸ್² ಅಥವಾ 1/ವೈ²) ರೇಖೆಗಳನ್ನು ಮುಟ್ಟುವುದಿಲ್ಲ, ಅವುಗಳ ಮೇಲೆ ಬರೆದ ಎತ್ತರಗಳನ್ನಷ್ಟೇ ಬದಲಿಸುತ್ತದೆ. ಇದನ್ನು ಒಮ್ಮೆ ಕಂಡ ವಿದ್ಯಾರ್ಥಿಗೆ ಒಂದೇ ಸಮೀಕರಣಕ್ಕೆ ಹಲವು ಗುಣಕಗಳು ಏಕಿವೆ ಎಂಬ ಗೊಂದಲ ಇರುವುದಿಲ್ಲ. ಅನುಕಲನ ಗುಣಕ ಹುಡುಕಲು ಗೈಡುಗಳಲ್ಲಿ ಕೊಡುವ ನಿಯಮಗಳ ಪಟ್ಟಿಗೆ ನಾನು ಹೆಚ್ಚು ಸಮಯ ಕೊಡುವುದಿಲ್ಲ.

ಲಂಬ ಪಥಗಳ ಪಾಠ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸಮೋನ್ನತಿ ರೇಖೆಗಳನ್ನೆಲ್ಲ ಲಂಬವಾಗಿ ಕತ್ತರಿಸುತ್ತ ಹೋಗುವ ವಕ್ರರೇಖೆಯು ಅತಿ ಕಡಿದಾದ ಇಳಿಜಾರಿನ ದಾರಿ. ಬಂಡೆ, ಪೊದೆ, ನೀರಿನ ವೇಗ ಮುಂತಾದವುಗಳನ್ನು ಬದಿಗಿಟ್ಟರೆ ಮಳೆನೀರು ಇಳಿಯುವ ದಾರಿಯೂ ಅದೇ. ವೈ = ಸಿ ಎಕ್ಸ್² ಎಂಬ ಪರವಲಯಗಳಿಗೆ ಲಂಬ ಪಥಗಳು ಎಕ್ಸ್² + 2ವೈ² = ಕೆ ಎಂಬ ದೀರ್ಘವೃತ್ತಗಳು ಎಂದು ಪುಸ್ತಕದ ಲೆಕ್ಕ ಮಾಡಿಸಿದ ಮೇಲೆ, ನಕ್ಷೆಯನ್ನು ಹರಡಿ 1,478 ಮೀಟರ್ ಎತ್ತರದ ನಂದಿಯಿಂದಲೂ ಅದರ ಸುತ್ತಲಿನ ಬೆಟ್ಟಗಳಿಂದಲೂ ಪೆನ್ಸಿಲ್ಲಿನಲ್ಲಿ ಇಳಿಯಲು ಹೇಳುತ್ತೇನೆ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿ ದಕ್ಷಿಣಕ್ಕೆ ಇಳಿದು ಕಾವೇರಿಯನ್ನು ಸೇರುತ್ತದೆ, ಉತ್ತರ ಪಿನಾಕಿನಿ ಆಂಧ್ರದ ಕಡೆಗೂ ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡೆಗೂ ಹೋಗುತ್ತವೆ. ಹತ್ತಿರ ಹತ್ತಿರದಲ್ಲಿ ಹೊರಟ ಪೆನ್ಸಿಲ್ ಗೆರೆಗಳು ಇಷ್ಟು ದೂರ ಚದುರುವುದನ್ನು ಕಂಡಾಗ ಆರಂಭಿಕ ಷರತ್ತಿನ, ಅಂದರೆ ಎಲ್ಲಿಂದ ಹೊರಟೆವು ಎಂಬುದರ, ಮಹತ್ವವನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಆ ಪಾಠದ ನಡುವೆ ಗುಡಿಬಂಡೆ ಕಡೆಯ ಒಬ್ಬ ಹುಡುಗಿ, "ಸರ್, ಸರಿಯಾಗಿ ತುದಿಯ ಮೇಲೇ ಬಿದ್ದ ಹನಿ ಯಾವ ಕಡೆ ಹೋಗುತ್ತೆ? ಒಂದು ಬಿಂದುವಿನಿಂದ ಒಂದೇ ಪರಿಹಾರ ಅಂತ ನೀವೇ ಹೇಳಿದ್ರಲ್ಲ" ಎಂದು ಕೇಳಿದಳು. ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ ಈ ಪ್ರಶ್ನೆಯನ್ನೇ ಹಿಡಿದೆವು. ತುದಿಯಲ್ಲಿ ಎರಡೂ ಆಂಶಿಕ ಅವಕಲನಗಳು ಸೊನ್ನೆಯಾಗುವುದರಿಂದ ಪಥದ ಇಳಿಜಾರು ಸೊನ್ನೆ ಭಾಗಿಸು ಸೊನ್ನೆ ಎಂದಾಗುತ್ತದೆ, ಒಂದು ಬಿಂದುವಿನಿಂದ ಒಂದೇ ಪರಿಹಾರ ಎಂದು ಹೇಳುವ ಪಿಕಾರ್ಡ್ ಪ್ರಮೇಯದ ಷರತ್ತುಗಳು ಅಲ್ಲಿ ಅನ್ವಯಿಸುವುದೇ ಇಲ್ಲ. −(ಎಕ್ಸ್² + ವೈ²) ಎಂಬ ದುಂಡನೆಯ ಬೆಟ್ಟದಲ್ಲಿ ಲಂಬ ಪಥಗಳೆಲ್ಲ ತುದಿಯಿಂದ ಹೊರಡುವ ಸರಳರೇಖೆಗಳು. ಎಕ್ಸ್² − ವೈ² ಎಂಬ ಆಕೃತಿಯಲ್ಲಿ, ಅಂದರೆ ಎರಡು ಬೆಟ್ಟಗಳ ನಡುವಿನ ಕಣಿವೆ ದಾರಿಯಂಥ ಜಾಗದಲ್ಲಿ, ಲಂಬ ಪಥಗಳು ಎಕ್ಸ್‌ವೈ = ಕೆ ಎಂಬ ಅತಿಪರವಲಯಗಳು. ನಡುಬಿಂದುವಿನ ಮೂಲಕ ಹಾದುಹೋಗುವವು ಎರಡು ಅಕ್ಷಗಳು ಮಾತ್ರ, ಉಳಿದ ನೀರೆಲ್ಲ ಆ ಬಿಂದುವಿನ ಹತ್ತಿರ ಬಂದು ಪಕ್ಕಕ್ಕೆ ತಿರುಗಿಕೊಳ್ಳುತ್ತದೆ.

ಗರಿಷ್ಠ, ಕನಿಷ್ಠ ಮತ್ತು ಜೀನುಬಿಂದುಗಳನ್ನು (ಮೇಲಿನ ಕಣಿವೆ ದಾರಿಯ ನಡುಬಿಂದುವಿನಂಥವನ್ನು) ಬೇರ್ಪಡಿಸುವ ಎರಡನೆಯ ಅವಕಲನ ಪರೀಕ್ಷೆಯನ್ನು ಆ ವರ್ಷದಿಂದ ನಾನು ಮೊದಲ ಭಾಗದಲ್ಲಿ ಸೂತ್ರವಾಗಿ ಮಾತ್ರ ಕೊಟ್ಟು, ಕಾರಣವನ್ನು ಎರಡನೆಯ ಭಾಗಕ್ಕೆ ಉಳಿಸಿಕೊಳ್ಳುತ್ತೇನೆ. ಎರಡೂ ಆಂಶಿಕ ಅವಕಲನಗಳು ಸೊನ್ನೆಯಾಗುವ ಸಂಧಿಬಿಂದುವಿನ ಹತ್ತಿರ ನೀರಿನ ಚಲನೆಯನ್ನು ಎರಡು ಏಕಘಾತ ಅವಕಲ ಸಮೀಕರಣಗಳಾಗಿ ಬರೆದರೆ, ಅವುಗಳ ಸಹಗುಣಕಗಳು ಬರುವುದು ಎರಡನೆಯ ಆಂಶಿಕ ಅವಕಲನಗಳ ಹೆಸ್ಸಿಯನ್ ಮಾತೃಕೆಯಿಂದ. ಪರೀಕ್ಷೆಯಲ್ಲಿ ಲೆಕ್ಕ ಹಾಕುವ ನಿರ್ಧಾರಕವು ಆ ಮಾತೃಕೆಯ ಎರಡು ಲಾಕ್ಷಣಿಕ ಮೂಲಗಳ (ಐಗನ್ ಮೌಲ್ಯಗಳ) ಗುಣಲಬ್ಧ. ಅದು ಋಣವಾದರೆ ಒಂದು ಮೂಲ ಧನ, ಇನ್ನೊಂದು ಋಣ, ಅಂದರೆ ಒಂದು ದಿಕ್ಕಿನಲ್ಲಿ ನೀರು ಒಳಬರುತ್ತದೆ, ಇನ್ನೊಂದರಲ್ಲಿ ಹೊರಹೋಗುತ್ತದೆ. ಜೀನುಬಿಂದುವಿಗೆ ಆ ಷರತ್ತು ಏಕೆ ಎಂಬುದು ಹೀಗೆ ತಿಳಿಯುತ್ತದೆ. ನಿರ್ಧಾರಕ ಸೊನ್ನೆಯಾದಾಗ ಪರೀಕ್ಷೆ ಏನನ್ನೂ ಹೇಳಲಾರದು ಎನ್ನುವುದಕ್ಕೂ ಅರ್ಥ ಬರುತ್ತದೆ, ಏಕೆಂದರೆ ಆಗ ಒಂದು ಮೂಲವಾದರೂ ಸೊನ್ನೆಯಾಗಿ, ಆ ದಿಕ್ಕಿನ ನಡವಳಿಕೆಯನ್ನು ಮುಂದಿನ ಘಾತದ ಪದಗಳು ನಿರ್ಧರಿಸುತ್ತವೆ.

ಸ್ಥಿರ ಸಹಗುಣಕಗಳ ಎರಡನೆಯ ದರ್ಜೆಯ ಸಮೀಕರಣಗಳಿಗೆ ಬಂದಾಗ ನಕ್ಷೆಯನ್ನು ಮಡಚಿಡುತ್ತೇನೆ. ಗ್ರೇಡಿಯಂಟ್ ಹಿಡಿದು ಇಳಿಯುವ ನೀರು ಎಂದೂ ತೂಗಾಡುವುದಿಲ್ಲ, ಏಕೆಂದರೆ ಹೆಸ್ಸಿಯನ್ ಸಮಮಿತ ಮಾತೃಕೆಯಾದ್ದರಿಂದ ಅದರ ಮೂಲಗಳು ಯಾವಾಗಲೂ ವಾಸ್ತವ ಸಂಖ್ಯೆಗಳು. ಆಂದೋಲನಕ್ಕೆ ಸಮ್ಮಿಶ್ರ ಮೂಲಗಳು ಬೇಕು. ಆದ್ದರಿಂದ ಅಲ್ಲಿಂದ ಮುಂದಿನ ಪಾಠವನ್ನು ಸ್ಪ್ರಿಂಗಿಗೆ ತೂಗುಹಾಕಿದ ಭಾರದಿಂದ ಆರಂಭಿಸುತ್ತೇನೆ.