ಕ್ಯಾರವಾನ್ ಜನರೇಟರ್: 3 ಕೆವಿಎ ಅಂದರೆ ಕೈಗೆ ಸಿಗೋದು ಎಷ್ಟು?

ಟಿಟಿ (ಟೆಂಪೊ ಟ್ರಾವೆಲರ್) ಗಾಡಿಯೊಳಗೆ ಹಾಸಿಗೆ, ಅಡುಗೆಕಟ್ಟೆ, ಒಂದು ಟನ್ ಎಸಿ ಎಲ್ಲ ಕೂರಿಸಿ ಕ್ಯಾರವಾನ್ ಮಾಡಿಸಿದ್ದೀರಿ ಅಂತಿಟ್ಟುಕೊಳ್ಳಿ. ಹಿಂದೆ ಪೆಟ್ರೋಲ್ ಜನರೇಟರ್ ಇದೆ. ಅದರ ಮೇಲೆ ದಪ್ಪಕ್ಷರದಲ್ಲಿ 3 ಕೆವಿಎ ಅಂತ ಬರೆದಿದೆ. ಎಸಿಗೆ 1100 ವ್ಯಾಟ್, ಮಿಕ್ಸರ್‌ಗೆ 550, ಟಿವಿ, ಮೊಬೈಲ್ ಎಲ್ಲ ಕೂಡಿಸಿದರೂ 2000 ದಾಟೋದಿಲ್ಲ. ಆದರೂ ಏಪ್ರಿಲ್ ಬಿಸಿಲಿನಲ್ಲಿ ಲಕ್ಕುಂಡಿ ನೋಡಿಕೊಂಡು ಬಂದು ಎಸಿ ಹಾಕಿದರೆ ಜನರೇಟರ್ ಒಮ್ಮೆ ಗುರ್ ಅಂದು ನಿಂತುಬಿಡುತ್ತದೆ. ಕೂಡಿಸಿದ್ದೇನೋ ಸರಿ. ಆದರೆ ಯಾವುದು ಯಾವಾಗ ಸ್ಟಾರ್ಟ್ ಆಯಿತು ಅನ್ನೋದು ಆ ಮೊತ್ತದಲ್ಲಿ ಕಾಣಿಸೋದಿಲ್ಲ. ಲೋಡಿನ ಲೆಕ್ಕದಲ್ಲಿ ಮುಖ್ಯವಾದದ್ದೇ ಅದು.

ಮೊದಲು ಜನರೇಟರ್ ಕಡೆಯಿಂದ ಶುರು ಮಾಡಿ

ಜನರೇಟರ್‌ಗೆ ಅಂಟಿಸಿದ ವಿವರಪಟ್ಟಿಯ ಮೇಲೆ ಎರಡು ಅಂಕಿ ಇರುತ್ತವೆ. ‘ಮ್ಯಾಕ್ಸಿಮಮ್’ ಅನ್ನೋದು ಸ್ವಲ್ಪ ಹೊತ್ತಿಗೆ ಮಾತ್ರ. ನಿಮಗೆ ಬೇಕಾದದ್ದು ‘ರೇಟೆಡ್’. ನಮ್ಮ ಉದಾಹರಣೆಯಲ್ಲಿ ರೇಟೆಡ್ಡೇ 3 ಕೆವಿಎ ಇರಲಿ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಇದ್ದರೆ ಅದು 2.4 ಕಿಲೊವ್ಯಾಟ್. ಅಂದರೆ ಪಟ್ಟಿಯಲ್ಲೇ 600 ವ್ಯಾಟ್ ಕಡಿಮೆಯಾಯಿತು.

ಇನ್ನು ನಮ್ಮೂರಿನ ವಿಷಯ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿದೆ, ಧಾರವಾಡ ಇನ್ನೂ ಮೇಲೆ. ಎತ್ತರ ಹೆಚ್ಚಿದಷ್ಟೂ ಗಾಳಿ ತೆಳುವಾಗುತ್ತದೆ, ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್‌ನ ಶಕ್ತಿ ಕುಗ್ಗುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಶೇ 3.5 ಹೋಗುತ್ತದೆ ಅಂತ ಹಿಡಿಯೋದು ರೂಢಿ. ಹುಬ್ಬಳ್ಳಿಗೆ ಇದು ಶೇ 7ರಿಂದ 8 ಆಗುತ್ತದೆ. ಬೇಸಿಗೆಯಲ್ಲಿ 38-40 ಡಿಗ್ರಿ ಮುಟ್ಟಿದರೆ ಇನ್ನೊಂದು ಶೇ 3 ಕಳೆಯಿರಿ. ಜನರೇಟರನ್ನು ಗಾಡಿಯ ಡಬ್ಬಿಯೊಳಗೇ ಮುಚ್ಚಿಟ್ಟಿದ್ದರೆ ಅಲ್ಲಿನ ಬಿಸಿ ಹೊರಗಿನದಕ್ಕಿಂತ ಜಾಸ್ತಿ, ನಷ್ಟವೂ ಜಾಸ್ತಿ. ಕಂಪನಿಯ ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ.

ಇಷ್ಟು ಕಳೆದರೆ ಉಳಿಯೋದು 2150 ವ್ಯಾಟ್ ಆಸುಪಾಸು. ಗಂಟೆಗಟ್ಟಲೆ ಓಡಿಸುವುದಾದರೆ ಅದರಲ್ಲೂ ಶೇ 80ರಷ್ಟೇ ಬಳಸಬೇಕು. ಕೊನೆಗೆ ಕೈಗೆ ಸಿಗೋದು ಸುಮಾರು 1700 ವ್ಯಾಟ್. ಮಾರುವ ಅಂಗಡಿಯವರು ಈ ಲೆಕ್ಕ ಹೇಳೋದು ಅಪರೂಪ.

ಲೋಡ್ ಪಟ್ಟಿ: ಕಾಣದ ಹೆಸರೊಂದಿದೆ

ಈಗ ಗಾಡಿಯೊಳಗಿನ ಸಾಮಾನು ಬರೆಯಿರಿ. ಹೆಚ್ಚಿನವರು ಎಸಿ, ಮಿಕ್ಸರ್, ಇಂಡಕ್ಷನ್ ಒಲೆ ಬರೆದು ನಿಲ್ಲಿಸುತ್ತಾರೆ. ಬ್ಯಾಟರಿ ಚಾರ್ಜರ್ ಮರೆತೇ ಹೋಗುತ್ತದೆ. ಅದಕ್ಕೆ ಸ್ವಿಚ್ ಇರೋದಿಲ್ಲ, ಸದ್ದೂ ಇಲ್ಲ. ಜನರೇಟರ್ ಸ್ಟಾರ್ಟ್ ಆದ ಕೂಡಲೇ ತಾನಾಗಿಯೇ ಚಾಲೂ ಆಗುತ್ತದೆ.

12 ವೋಲ್ಟ್ ಬ್ಯಾಟರಿಗೆ 30 ಆಂಪಿಯರ್ ಚಾರ್ಜರ್ ಇದೆ ಅನ್ನಿ. ಚಾರ್ಜ್ ಆಗುವಾಗ ವೋಲ್ಟೇಜ್ 14.4ರ ಹತ್ತಿರ ಇರುತ್ತದೆ. ಗುಣಿಸಿದರೆ 432 ವ್ಯಾಟ್. ಚಾರ್ಜರ್ ಒಳಗೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಜನರೇಟರ್ ಮೇಲೆ ಬೀಳೋದು 500. ರಾತ್ರಿಯಿಡೀ ಫ್ಯಾನ್ ತಿರುಗಿ ಬ್ಯಾಟರಿ ಇಳಿದಿದ್ದರೆ ಬೆಳಿಗ್ಗೆ ಮೊದಲ ಗಂಟೆ ಪೂರ್ತಿ ಈ ಲೋಡ್ ಇದ್ದೇ ಇರುತ್ತದೆ. ಸಾದಾ ಲೆಡ್ ಆಸಿಡ್ ಬ್ಯಾಟರಿ ತುಂಬುತ್ತಾ ಹೋದಂತೆ ಎಳೆಯೋದು ಕಡಿಮೆಯಾಗುತ್ತದೆ. ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ಕೊನೆಯವರೆಗೂ ಅಷ್ಟೇ ಎಳೆಯುತ್ತದೆ. ದೀಪ, ಫ್ಯಾನ್, 12 ವೋಲ್ಟಿನ ಫ್ರಿಜ್ ಬ್ಯಾಟರಿಯಿಂದಲೇ ನಡೆಯುವುದಾದರೆ ಅವನ್ನು ಮತ್ತೆ ಬೇರೆ ಕೂಡಿಸಬೇಡಿ. ಅವು ಚಾರ್ಜರ್ ಲೆಕ್ಕದಲ್ಲೇ ಬಂದಿವೆ.

ಈಗ ನೋಡಿ. ಎಸಿ 1100, ಚಾರ್ಜರ್ 500. ಆಗಲೇ 1600 ಆಯಿತು. ಶೇಂಗಾ ಚಟ್ನಿಗೆ ಮಿಕ್ಸರ್ ಹಾಕಿದರೆ 2150. ಇಷ್ಟು ಬಿಗಿಯಾದ ಲೆಕ್ಕ ಇದು. 2000 ವ್ಯಾಟ್ ಗೀಸರ್, ಇಂಡಕ್ಷನ್ ಒಲೆಯ ಮಾತು ಬಿಡಿ, ಅವು ಒಂದೊಂದೇ ಇಡೀ ಜನರೇಟರನ್ನು ತಿಂದು ಹಾಕುತ್ತವೆ. ನನ್ನ ಕೇಳಿದರೆ ಅಡುಗೆಗೂ ಬಿಸಿನೀರಿಗೂ ಗ್ಯಾಸೇ ವಾಸಿ.

ಸ್ಟಾರ್ಟ್ ಆಗುವ ಆ ಕ್ಷಣ

ಹತ್ತಿ ಹೇರಿದ ಚಕ್ಕಡಿ ಹೊರಡುವಾಗ ಎತ್ತುಗಳು ಹೇಗೆ ಬಲ ಹಾಕುತ್ತವೆ, ಎಸಿ ಕಂಪ್ರೆಸರ್ ಶುರುವಾಗೋದೂ ಹಾಗೆಯೇ. ಸಾದಾ ಕಂಪ್ರೆಸರ್ ಓಡುವಾಗ 5 ಆಂಪಿಯರ್ ಎಳೆದರೆ, ಸ್ಟಾರ್ಟ್ ಆಗುವಾಗ ಅದರ ನಾಲ್ಕೈದು ಪಟ್ಟು ಎಳೆಯುತ್ತದೆ. ಅಂದರೆ 20-25 ಆಂಪಿಯರ್. 3 ಕೆವಿಎ ಜನರೇಟರ್ 230 ವೋಲ್ಟಿನಲ್ಲಿ ಕೊಡಬಲ್ಲದ್ದು 13 ಆಂಪಿಯರ್. ಒಂದು ಸೆಕೆಂಡ್ ಸಹ ಇರದ ಈ ಜಗ್ಗಾಟವನ್ನು ಅದು ಖಾಲಿ ಇದ್ದಾಗ ಹೇಗೋ ತಾಳಿಕೊಳ್ಳಬಹುದು. ಬೇರೆ ಲೋಡ್ ಹೊತ್ತಿದ್ದಾಗ ಆಗೋದಿಲ್ಲ.

ಹಾಗಾಗಿ ಕ್ರಮ ಹೀಗಿರಲಿ. ಚಾರ್ಜರ್‌ಗೆ ಪ್ರತ್ಯೇಕ ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಹಾಕಿಸಿ, ಅದನ್ನು ಆಫ್ ಇಡಿ. ಜನರೇಟರ್ ಸ್ಟಾರ್ಟ್ ಮಾಡಿ ಎರಡು-ಮೂರು ನಿಮಿಷ ಖಾಲಿ ಓಡಲಿ. ಮೊದಲು ಎಸಿ ಹಾಕಿ. ಕಂಪ್ರೆಸರ್ ಹಿಡಿದು ಸದ್ದು ಒಂದೇ ಸಮ ಆದ ಮೇಲೆ ಚಾರ್ಜರ್ ಆನ್ ಮಾಡಿ. ಮಿಕ್ಸರ್ ಬೇಕಾದರೆ ಆ ಐದು ನಿಮಿಷ ಚಾರ್ಜರ್ ಮತ್ತೆ ಆಫ್. ಎಸಿ ನಿಲ್ಲಿಸಿದರೆ ಕನಿಷ್ಠ ಮೂರು ನಿಮಿಷ ಬಿಟ್ಟು ಹಾಕಿ. ಒಳಗಿನ ಗ್ಯಾಸ್ ಒತ್ತಡ ಸಮ ಆಗದೆ ಕಂಪ್ರೆಸರ್ ತಿರುಗೋದಿಲ್ಲ, ಸುಮ್ನೆ ಕರೆಂಟ್ ಎಳೆಯುತ್ತಾ ನಿಲ್ಲುತ್ತದೆ. ಥರ್ಮೊಸ್ಟಾಟ್ ತಾನೇ ಕಂಪ್ರೆಸರನ್ನು ಆಫ್-ಆನ್ ಮಾಡುತ್ತಿರುತ್ತದೆ ಅನ್ನೋದೂ ನೆನಪಿರಲಿ. ಪ್ರತಿ ಸಲವೂ ಅದೇ ಜಗ್ಗಾಟ. ಹೊಸದಾಗಿ ಎಸಿ ಕೊಳ್ಳುವುದಾದರೆ ಇನ್ವರ್ಟರ್ ಎಸಿಯನ್ನೇ ಕೊಳ್ಳಿ. ಅದರ ಕಂಪ್ರೆಸರ್ ನಿಧಾನವಾಗಿ ವೇಗ ಹಿಡಿಯುತ್ತದೆ, ಈ ತಲೆನೋವೇ ಇಲ್ಲ.

ಅಳೆದು ನೋಡಿ

ವೈರನ್ನು ಬಾಯೊಳಗೆ ಹಿಡಿದು ಕರೆಂಟ್ ಅಳೆಯುವ ಒಂದು ಕ್ಲಾಂಪ್ ಮೀಟರ್ ಇಟ್ಟುಕೊಳ್ಳಿ. ಫೇಸ್ ವೈರ್ ಒಂದನ್ನೇ ಅದರ ಬಾಯೊಳಗೆ ಹಿಡಿಯಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದರೆ ಮೀಟರ್ ಸೊನ್ನೆ ತೋರಿಸುತ್ತದೆ. ವೈರ್ ಬಿಡಿಸಿಕೊಡುವ ಕೆಲಸ ಎಲೆಕ್ಟ್ರಿಷಿಯನ್‌ಗೇ ಬಿಡಿ. ವೋಲ್ಟೇಜ್ 207ಕ್ಕಿಂತ ಕೆಳಗೆ ಬಂದರೆ ಲೋಡ್ ಜಾಸ್ತಿ ಆಗಿದೆ ಅಂತಲೇ ಅರ್ಥ. 3000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 3000 ಸುತ್ತು) ಓಡುವ ಸಾದಾ ಜನರೇಟರ್ ಆದರೆ ಫ್ರೀಕ್ವೆನ್ಸಿಯೂ ಗುಟ್ಟು ಹೇಳುತ್ತದೆ. ಖಾಲಿ ಇದ್ದಾಗ 52 ಹರ್ಟ್ಜ್ ಸುಮಾರು ಇದ್ದದ್ದು ಪೂರ್ತಿ ಲೋಡಿಗೆ 50ರ ಹತ್ತಿರ ಬರಬೇಕು. 48ಕ್ಕೆ ಇಳಿದರೆ ಎಂಜಿನ್ ಏದುಸಿರು ಬಿಡುತ್ತಿದೆ. ಇನ್ವರ್ಟರ್ ಜನರೇಟರ್‌ಗಳಲ್ಲಿ ಈ ಗುರುತು ಸಿಗೋದಿಲ್ಲ. ಅವು 50ರಲ್ಲೇ ಇದ್ದು, ಓವರ್‌ಲೋಡ್ ದೀಪ ಹತ್ತಿಸಿ ಕರೆಂಟ್ ಕಡಿದುಬಿಡುತ್ತವೆ.

ಡೀಸೆಲ್ ಇದ್ದವರಿಗೆ ತದ್ವಿರುದ್ಧ ಎಚ್ಚರಿಕೆ: ಬರೀ ಮೊಬೈಲ್ ಚಾರ್ಜಿಗೆ ಗಂಟೆಗಟ್ಟಲೆ ಓಡಿಸಬೇಡಿ. ಲೋಡ್ ಶೇ 30ಕ್ಕಿಂತ ಕಡಿಮೆಯೇ ಇದ್ದರೆ ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರ್‌ನಲ್ಲಿ ಮಸಿ ಕಟ್ಟುತ್ತದೆ.

ಹೊಗೆ ಕಿಟಕಿಯ ಕಡೆ ಬರದಂತೆ ಗಾಡಿ ನಿಲ್ಲಿಸಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಅಲಾರ್ಮ್ ಇಲ್ಲದೆ ಒಳಗೆ ಮಲಗಲೇಬೇಡಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ನೋಡಲು ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ಜನರೇಟರ್ ಹಚ್ಚಲೇಬೇಡಿ. ಆಗ ಎಸಿ ಬೇಕಾಗೋದೂ ಇಲ್ಲ, ಅಲ್ವಾ?

ಹಾವೇರಿಯಲ್ಲೋ ಗದಗಿನಲ್ಲೋ ಬೀಗರ ಮನೆ ಮುಂದೆ ನಿಂತು ಹೆಸ್ಕಾಂ ಕರೆಂಟ್ ತೆಗೆದುಕೊಳ್ಳುವಾಗಲೂ ಇದೇ ಲೆಕ್ಕ. 6 ಆಂಪಿಯರ್ ಪ್ಲಗ್ಗಿನಿಂದ ಸಿಗೋದು 1380 ವ್ಯಾಟ್ ಮಾತ್ರ, ಎಸಿ-ಚಾರ್ಜರ್ ಎರಡಕ್ಕೂ ಸಾಲದು. 16 ಆಂಪಿಯರ್ ಪ್ಲಗ್ ಕೇಳಿ, 2.5 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಬಳಸಿ. ಜನರೇಟರ್ ಮತ್ತು ಮನೆಯ ಕರೆಂಟ್ ಎರಡೂ ಒಟ್ಟಿಗೆ ಗಾಡಿಯ ವೈರಿಂಗ್‌ಗೆ ಸೇರಬಾರದು, ಸೇರಿದರೆ ಲೈನ್ ಮೇಲೆ ಕೆಲಸ ಮಾಡುವವರ ಜೀವಕ್ಕೂ ಅಪಾಯ. ಎರಡರಲ್ಲಿ ಒಂದನ್ನು ಮಾತ್ರ ಜೋಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ, ಎಸಿ ಆಮೇಲೆ.